ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ

ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ 82 ವರ್ಷ. ಹೋದ ಭಾನುವಾರ ಒಂದು ಮರದ ಪೆಟ್ಟಿಗೆ ತೆಗೆದು ತೋರಿಸಿದರು. ಒಳಗೆ ಅವರ ಮುತ್ತಜ್ಜನ ಆರು ದಿನಚರಿ ಪುಸ್ತಕ, ಒಂದು ಕಟ್ಟು ಪತ್ರ, ಚರ್ಚಿನಲ್ಲಿ ಮಾಡುವ ಪ್ರಸಂಗದ ಟಿಪ್ಪಣಿ, ಅಂಗಡಿಯ ಚೀಟಿಗಳು. ನಾರ್ವೆಯಿಂದ ಬಂದ ಆ ಮುತ್ತಜ್ಜ ಮೊದಲು ಮೇಷ್ಟ್ರು, ಆಮೇಲೆ ಪಾದ್ರಿ. ಏನು ಬರೆದಿದ್ದಾರೆ ಎಂದು ಕೇಳಿದೆ. ಅಜ್ಜಿಗೆ ಗೊತ್ತಿಲ್ಲ. ಅವರ ಅಪ್ಪನಿಗೂ ಓದಲು ಬರುತ್ತಿರಲಿಲ್ಲವಂತೆ.

ಅಜ್ಜಿಯ ಮಗ ಹೇಳುವುದು, ಪ್ರಸಂಗಗಳನ್ನು ಚರ್ಚಿಗೆ ಕೊಟ್ಟು ಉಳಿದದ್ದನ್ನು ಬಿಸಾಡೋಣ ಅಂತ. ದಯವಿಟ್ಟು ಬೇಡ ಎಂದೆ. ಪಕ್ಕದ ಮನೆಯವಳು ಅಷ್ಟು ಹೇಳಬಹುದೋ ಇಲ್ಲವೋ, ಸುಮ್ನೆ ಇರಲು ಆಗಲಿಲ್ಲ.

ಇಂಥ ಕಾಗದ ಏಕೆ ಬೇಕು ಎನ್ನುವುದಕ್ಕೆ ಒಂದು ಉದಾಹರಣೆ. ನಾರ್ವೆಯ ಪಾದ್ರಿ ವಿಲ್ಹೆಲ್ಮ್ ಕೋರೆನ್ 1853ರ ಕೊನೆಗೆ ಪಕ್ಕದ ಐಯೋವಾ ರಾಜ್ಯದ ಡೆಕೋರಾ ಬಳಿ ಬಂದರು. ಚರ್ಚಿನ ಚರಿತ್ರೆಯಲ್ಲಿ ಅವರಿಗೆ ದೊಡ್ಡ ಹೆಸರಿದೆ. ಆದರೆ ಆ ಮೊದಲ ಚಳಿಗಾಲವನ್ನು ನಾವು ಕಾಣುವುದು ಅವರ ಹೆಂಡತಿ ಎಲಿಸಬೆತ್ ಬರೆದ ದಿನಚರಿಯಲ್ಲಿ. 14 ಅಡಿ ಅಗಲ, 16 ಅಡಿ ಉದ್ದದ ಮರದ ದಿಮ್ಮಿಯ ಮನೆ. ಎಗ್ಗೆ ಎಂಬ ದಂಪತಿ, ಅವರ ಇಬ್ಬರು ಮಕ್ಕಳು, ಜೊತೆಗೆ ಹೊಸದಾಗಿ ಮದುವೆಯಾದ ಇವರಿಬ್ಬರು. ನಡುವೆ ಬಟ್ಟೆಯ ಪರದೆ. ಗಂಡ ದೂರದ ಊರುಗಳ ಚರ್ಚ್ ಸಭೆಗಳಿಗೆ ಹೋದರೆ ಈಕೆ ದಾರಿ ಕಾಯುತ್ತಾ ಬರೆಯುತ್ತಿದ್ದರು. ಇದನ್ನು ಯಾವ ಪ್ರಸಂಗ ಹೇಳುತ್ತದೆ? ಆ ಮನೆ ಈಗಲೂ ಡೆಕೋರಾದ ವೆಸ್ಟರ್‌ಹೈಮ್ ಮ್ಯೂಸಿಯಂನಲ್ಲಿದೆ. ನೋಡಿದರೆ ಎದೆ ಹಿಂಡುತ್ತದೆ.

ಹೆಮ್ಮೆ ತರದ ಕಾಗದಗಳನ್ನೂ ಇಡಬೇಕು ಅನ್ನುತ್ತೇನೆ. ನಾರ್ವೆಯಿಂದಲೇ ಬಂದ ಲೌರ್ ಲಾರ್ಸೆನ್ ಪಾದ್ರಿಯೂ ಹೌದು, ಮೇಷ್ಟ್ರೂ ಹೌದು. 1861ರಲ್ಲಿ ಶುರುವಾದ ಲೂಥರ್ ಕಾಲೇಜಿಗೆ ಮೊದಲ ಅಧ್ಯಕ್ಷರು. ಅದೇ ವರ್ಷ, ಗುಲಾಮಗಿರಿ ತನ್ನಷ್ಟಕ್ಕೆ ಪಾಪವಲ್ಲ ಎಂದು ಬೈಬಲ್ ಹಿಡಿದು ವಾದಿಸಿದವರೂ ಅವರೇ. ಕ್ಲಾಸ್ ಕ್ಲಾಸೆನ್ ಎಂಬ ಪಾದ್ರಿ ಮೊದಲು ಆ ಮಾತಿಗೆ ಒಪ್ಪಿ, ಆಮೇಲೆ ತಪ್ಪಾಯಿತು ಎಂದು ಹಿಂದೆ ಸರಿದರು. ಜಗಳ ವರ್ಷಗಟ್ಟಲೆ ನಡೆಯಿತು. ಮನೆಯವರು ಇಂಥ ಪುಟಗಳನ್ನು ಹರಿದು ಹಾಕಿದರೆ ಕ್ಲಾಸೆನ್ ಅವರ ಧೈರ್ಯವೂ ಅದರ ಜೊತೆಗೇ ಹೋಗುತ್ತದೆ ಅಲ್ವಾ?

ಅಜ್ಜಿಯ ಪೆಟ್ಟಿಗೆಯ ಕಷ್ಟ ಬೇರೆ. ಇಟ್ಟವರು ಜೋಪಾನವಾಗಿಯೇ ಇಟ್ಟಿದ್ದಾರೆ, ಓದುವವರಿಲ್ಲ. ಅದು ಹಳೆಯ ಗೋಥಿಕ್ ಕೈಬರಹ. 'ಇ' (e) ಅಕ್ಷರ 'ಎನ್' (n) ತರಹ ಕಾಣುತ್ತದೆ. 'ಯು' (u) ಗೊತ್ತಾಗಲಿ ಅಂತ ಮೇಲೊಂದು ಕೊಕ್ಕೆ. ಭಾಷೆಯೂ ಆಗಿನದು, ಡೇನಿಷ್‌ಗೆ ಹತ್ತಿರದ ಬರಹದ ನಾರ್ವೇಜಿಯನ್. ಸಾಲದ್ದಕ್ಕೆ ವಲಸೆ ಬಂದವರ ಮಾತಿನಲ್ಲಿ ಇಂಗ್ಲಿಷ್ ಸೇರಿಕೊಂಡಿತ್ತು. ಬೇಲಿಗೆ 'ಫೆನ್ಸ್', ಹಳ್ಳಕ್ಕೆ 'ಕ್ರಿಕ್'. ಈಗಿನ ನಾರ್ವೆಯವರೂ ತಡವರಿಸುತ್ತಾರೆ.

ಈ ಓದು ತಾನಾಗಿ ಮಾತ್ರ ಮರೆತುಹೋಗಲಿಲ್ಲ. 1918ರ ಮೇನಲ್ಲಿ, ಮೊದಲ ಮಹಾಯುದ್ಧದ ಕಾವಿನಲ್ಲಿ, ಐಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದರು. ಶಾಲೆಯಲ್ಲಿ, ರೈಲಿನಲ್ಲಿ, ಫೋನಿನಲ್ಲಿ, ಚರ್ಚಿನ ಆರಾಧನೆಯಲ್ಲಿ ಕೂಡ ಇಂಗ್ಲಿಷ್ ಮಾತ್ರ. ಪ್ರಾರ್ಥನೆಯ ಭಾಷೆಗೇ ಹೆದರಿದ ಮೇಲೆ ಮಕ್ಕಳಿಗೆ ಕಲಿಸುವವರು ಯಾರು?

ನನ್ನ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಓದಲು ಬರುವುದಿಲ್ಲ. ಇಲ್ಲಿಗೆ ಬಂದಾಗಿನಿಂದ ನಾನು ಬರೆದ ನೋಟ್‌ಬುಕ್‌ಗಳು ಅಲಮಾರಿಯಲ್ಲಿವೆ. ಆ ಪೆಟ್ಟಿಗೆಯ ಮುಂದೆ ಕೂತಾಗ ನನ್ನ ಕೈ ತಣ್ಣಗಾಗಿತ್ತು. ನಮಗೆ ಯಾವ ಗವರ್ನರೂ ಅಡ್ಡ ಬಂದಿಲ್ಲ. ಕಲಿಸದೆ ಬಿಟ್ಟಿದ್ದು ನಾನೇ.

ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿನಲ್ಲಿ 1925ರಲ್ಲಿ ಹುಟ್ಟಿದ ನಾರ್ವೇಜಿಯನ್-ಅಮೆರಿಕನ್ ಇತಿಹಾಸ ಸಂಘ ಇಂಥ ಕಾಗದಗಳಿಗಾಗಿಯೇ ಇದೆ. ಅಜ್ಜಿ ಅವರಿಗೆ ಪತ್ರ ಬರೆಯಲು ಒಪ್ಪಿದ್ದಾರೆ. ಚೀಟಿಗಳೂ ಹೋಗಲಿ ಎಂದು ಹಟ ಹಿಡಿದಿದ್ದೇನೆ. ಈ ಶನಿವಾರ ಪುಟಪುಟದ ಫೋಟೋ ತೆಗೆಯುತ್ತಿದ್ದೇವೆ. ಮಗಳೂ ಬರುತ್ತಾಳೆ. ಹಳೆಯ ನಾರ್ವೇಜಿಯನ್ ಕೈಬರಹ ಓದಬಲ್ಲವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಜ್ಜಿ ಇರುವಾಗಲೇ ಒಂದು ಪುಟವನ್ನಾದರೂ ಅವರಿಗೆ ಓದಿ ಹೇಳಬೇಕು.