ಹೊಸ ಇ-ಕಾರ್ ಕಂಪನಿಗಳು ಹಳಬರ ಮುಂದೆ ನಿಲ್ಲುತ್ತವೆಯೇ?

ಪರ

ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಗಳ, ಅಂದರೆ ಕಬ್ಬಿಣದ ಎರಕದ ಕಾರ್ಖಾನೆಗಳ ಅಂಗಳದಲ್ಲಿ ಫ್ಲೈವೀಲು, ಹೌಸಿಂಗು, ಮ್ಯಾನಿಫೋಲ್ಡುಗಳಂಥ ಗಾಡಿ ಭಾಗಗಳ ರಾಶಿ ಬಿದ್ದಿರುತ್ತದೆ. ಬೆಳಗಾವಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕಬ್ಬಿಣದಿಂದಲೇ. ಅಲ್ಲಿ ಹದಿನೆಂಟು ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿದವನು ನಾನು. ಹಳೇ ಕಾರ್ ಕಂಪನಿಗಳ ಬಲವೆಲ್ಲ ಎಂಜಿನ್‌ನಲ್ಲಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಬಿಸಿ, ಎಣ್ಣೆ, ಹೊಗೆ, ಗೇರು ಎಲ್ಲವನ್ನೂ ಹೊಂದಿಸುವ ಆ ವಿದ್ಯೆ ಹೊಸಬರ ಕೈಗೆ ಅಷ್ಟು ಸುಲಭಕ್ಕೆ ದಕ್ಕುತ್ತಿರಲಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಆ ವಿದ್ಯೆಯೇ ಬೇಡ. ಮೋಟಾರು, ಅದಕ್ಕೆ ಕರೆಂಟನ್ನು ಹದವಾಗಿ ಕೊಡುವ ಕಂಟ್ರೋಲರು, ಬ್ಯಾಟರಿ ಇದ್ದರೆ ಗಾಡಿ ಓಡುತ್ತದೆ. ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಹೊಸಬರು ಒಳಗೆ ಬರಲು ಇದಕ್ಕಿಂತ ಒಳ್ಳೆಯ ಕಾಲ ಯಾವುದಿದೆ?

ಹಳಬರಿಗೆ ಇದರಲ್ಲಿ ಮನಸ್ಸೂ ಇರಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ 1996ರಲ್ಲೇ ಇವಿ-1 ಎಂಬ ಎಲೆಕ್ಟ್ರಿಕ್ ಕಾರನ್ನು ಬಾಡಿಗೆಗೆ ಕೊಟ್ಟಿತ್ತು. ಆಮೇಲೆ ವಾಪಸ್ ಕರೆಸಿಕೊಂಡು, ಹೆಚ್ಚಿನವನ್ನು ಜಜ್ಜಿ ಗುಜರಿಗೆ ಹಾಕಿತು. ಓಡಿಸುತ್ತಿದ್ದವರು ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತೇವೆ ಅಂದರೂ ಬಿಡಲಿಲ್ಲ.

ನಮ್ಮಲ್ಲಿ ಹಳಬರಿಗಿಂತ ಮೊದಲು ಧೈರ್ಯ ಮಾಡಿದ್ದು ಯಾರು? ಬೆಂಗಳೂರಿನ ಒಂದು ಸಣ್ಣ ಕಂಪನಿ. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಅನ್ನುವ ಹೆಸರಲ್ಲಿ ಓಡಾಡಿತು. ಟಾಟಾದ ನೆಕ್ಸಾನ್ ಇವಿ ಬಂದದ್ದು 2020ರಲ್ಲಿ. ಹತ್ತೊಂಬತ್ತು ವರ್ಷದ ಅಂತರ, ಅಲ್ವಾ? ಅಮೆರಿಕದ ಇ-ಕಾರ್ ಕಂಪನಿ ಟೆಸ್ಲಾ ಶುರುವಾದದ್ದು 2003ರಲ್ಲಿ. 2008ರ ಕೊನೆಗೆ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು ಅದರ ಮಾಡೆಲ್ ವೈ. ಇವರು ಹೀಗೆ ಒದ್ದಾಡದೇ ಹೋಗಿದ್ದರೆ ಹಳಬರು ಇವತ್ತಿಗೂ ಕೂತ ಜಾಗದಿಂದ ಏಳುತ್ತಿರಲಿಲ್ಲ.

ವಿರೋಧ

ಮೇಲಿನದ್ದನ್ನು ಬರೆದವನು ನಾನೇ, ನಂಬಿಯೇ ಬರೆದೆ. ಆದರೂ ನನ್ನ ಮನಸ್ಸು ವಾಲುವುದು ಈ ಕಡೆಗೆ.

ಹೊಸ ಪಾರ್ಟಿನ ಸ್ಯಾಂಪಲ್ ಮಾಡುವ ದಿನ ಫೌಂಡ್ರಿಯಲ್ಲಿ ಹಬ್ಬದ ಕಳೆ. ಪಳಗಿದ ಕೈಗಳೇ ಅಚ್ಚು ಕೂರಿಸುತ್ತವೆ. ಮಾಲೀಕರು ಪಕ್ಕದಲ್ಲೇ ನಿಂತಿರುತ್ತಾರೆ. ಐದು ಪೀಸು ಬಂಗಾರದ ಹಾಗೆ ಬರುತ್ತವೆ. ಗಿರಾಕಿ ಒಪ್ಪಿ ಸಾವಿರ ಪೀಸಿಗೆ ಆರ್ಡರ್ ಕೊಟ್ಟ ಮೇಲೆ ಅಸಲಿ ಕಷ್ಟ ಶುರು. ಅಚ್ಚಿನ ಮರಳಿನ ತೇವ ಒಂಚೂರು ಜಾಸ್ತಿಯಾದರೂ ಸಾಕು, ಕಬ್ಬಿಣದೊಳಗೆ ಆವಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಮ್ಮೆ ಒಂದು ಹೌಸಿಂಗು ಮಷಿನ್ ಮೇಲೆ ಏರಿ, ಕೊನೆಯ ಕಟಿಂಗಿನಲ್ಲಿ ಸಾಸಿವೆ ಕಾಳಿನಷ್ಟು ತೂತು ತೋರಿಸಿತು. ಅಲ್ಲಿವರೆಗಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ಪೀಸು ಎಷ್ಟೋ ದಿನ ನನ್ನ ಟೇಬಲ್ ಮೇಲೇ ಇತ್ತು. "ಐದ್ ಪೀಸ್ ಯಾರಾದ್ರೂ ಮಾಡ್ತಾರ್ರಿ" ಅನ್ನುತ್ತಿದ್ದರು ನಮ್ಮ ಮೌಲ್ಡಿಂಗ್ ಮೇಸ್ತ್ರಿ.

ಕಾರಿನದ್ದೂ ಇದೇ ಕಥೆ. ಮೇಳದಲ್ಲಿ ನಿಲ್ಲಿಸುವ ಚಂದದ ಕಾರು ಸ್ಯಾಂಪಲ್ ಪೀಸು. ಟೆಸ್ಲಾದಂಥ ಟೆಸ್ಲಾ ಕೂಡ ಮಾಡೆಲ್ 3 ಮಾಡುವಾಗ ಏದುಸಿರು ಬಿಟ್ಟಿತು. ತಯಾರಿಕೆಯ ನರಕ ಅಂತ ಅದರ ಮುಖ್ಯಸ್ಥ ಈಲಾನ್ ಮಸ್ಕ್ ಅವರೇ ಅಂದರು. 2018ರಲ್ಲಿ ಕಾರ್ಖಾನೆಯ ಅಂಗಳದಲ್ಲಿ ಟೆಂಟ್ ಹಾಕಿ ಕಾರು ಜೋಡಿಸಬೇಕಾಯಿತು. ಅಮೆರಿಕದ ಇನ್ನೊಂದು ಇ-ಕಾರ್ ಕಂಪನಿ ಫಿಸ್ಕರ್ ಈ ತಲೆನೋವೇ ಬೇಡ ಅಂತ ತಯಾರಿಕೆಯನ್ನು ಆಸ್ಟ್ರಿಯಾದ ಅನುಭವಿ ಕಾರ್ಖಾನೆಗೆ ಒಪ್ಪಿಸಿತ್ತು. ಆದರೂ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರು ತರುತ್ತೇನೆ ಅಂತ ಓಲಾ 2022ರಲ್ಲಿ ಹೇಳಿತು, 2024ರಲ್ಲಿ ಆ ಯೋಜನೆಯನ್ನು ಬದಿಗಿಟ್ಟಿತು.

ದುಡ್ಡಿನ ಮಾತು ಬೇರೆ. ಟಾಟಾ ತನ್ನ ಎಲೆಕ್ಟ್ರಿಕ್ ಕಾರಿನ ವ್ಯವಹಾರಕ್ಕೆ 2021ರಲ್ಲಿ ಹೊರಗಿನ ಹೂಡಿಕೆದಾರರಿಂದ 7,500 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡಿತು. ನೆಕ್ಸಾನ್ ಇವಿಗೆ ಪೆಟ್ರೋಲ್ ನೆಕ್ಸಾನ್‌ನ ಬಾಡಿಯೇ ಆಧಾರ. ತಗಡಿಗೆ ಆಕಾರ ಕೊಡುವ ಡೈ, ಪ್ರೆಸ್ಸು, ಜೊತೆಗೆ ಶೋರೂಮು ಮೊದಲೇ ಇದ್ದವು. ಹೊಸಬರು ಒಂದು ಕಾರು ಮಾರುವ ಮೊದಲೇ ಇದನ್ನೆಲ್ಲ ಹೊಂದಿಸಬೇಕು. ಬ್ಯಾಟರಿ ಸೆಲ್ ಕೊಳ್ಳಲು ಹೋದರೆ ಲಕ್ಷಗಟ್ಟಲೆ ಕೊಳ್ಳುವವರಿಗೆ ಒಂದು ರೇಟು, ಇವರಿಗೆ ಇನ್ನೊಂದು. ಚೀನಾದ ಬಿವೈಡಿ ಗೆಲ್ಲಲಿಲ್ಲವೇ ಅಂತ ಕೇಳಬಹುದು. ಅದು 1995ರಿಂದ ಬ್ಯಾಟರಿ ಮಾಡುತ್ತಿದ್ದ ಕಂಪನಿ, ಕಾರಿಗೆ ಕೈ ಹಾಕಿದ್ದು 2003ರಲ್ಲಿ. ನಾವು ಹೆಮ್ಮೆಪಡುವ ರೇವಾ ಕೂಡ 2010ರಲ್ಲಿ ಮಹೀಂದ್ರದ ಕೈ ಸೇರಿತು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಜಾರಾಗಿತ್ತು.

ಬೆಳಗಾವಿಯವರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸರ್ವಿಸ್. ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರ್. ನಮ್ಮ ಭಾವ ಒಂದು ಹೊಸ ಕಂಪನಿಯ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದರು. ಓಡಿಸಲು ಹಾಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಂಟು ತಿಂಗಳಿಗೆ ಕಂಟ್ರೋಲರ್ ಕೆಟ್ಟಿತು. ಪ್ರತಿ ಸೋಮವಾರ ಹೋಗಿ ಕೇಳಿದರೂ "ಪಾರ್ಟ್ ಬರಬೇಕ್ರಿ" ಅನ್ನುವುದೊಂದೇ ಉತ್ತರ. ಮೆಕ್ಯಾನಿಕ್ ಹುಡುಗನನ್ನು ಬೈದು ಏನು ಪ್ರಯೋಜನ, ಪಾರ್ಟ್ ಅವನ ಕೈಯಲ್ಲಿರಲಿಲ್ಲ. ಕೊನೆಗೆ ಭಾವ ಗಾಡಿಯನ್ನು ಮನೆಗೆ ತಂದು ತಾಡಪತ್ರಿ ಹೊದಿಸಿದರು. ಮಚ್ಛೆಗೆ ಬಸ್ಸಿನಲ್ಲೇ ಕೆಲಸಕ್ಕೆ ಹೋಗತೊಡಗಿದರು.

ಈಗ ಮನೆಯಲ್ಲಿ ಇ-ಕಾರಿನ ಮಾತು ನಡೆದಿದೆ. ಮಕ್ಕಳು ಫೋನಿನಲ್ಲಿ ಬಣ್ಣ ತೋರಿಸುತ್ತಾರೆ, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅಂತ ರೇಂಜ್ ಹೇಳುತ್ತಾರೆ. ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾಳೆ: "ಬೆಳಗಾವ್ಯಾಗ ಇದರ ಪಾರ್ಟ್ ಎಲ್ಲಿ ಸಿಗ್ತೈತಿ?"