ಕಿವಿಯಿಂದ ತೆಗೆದ ಫೋಟೊಗಳು

ಹನ್ನೆರಡು ವರ್ಷ ಒಂದೇ ಕ್ಯಾಮೆರಾ ಹಿಡಿದು ಯಕ್ಷಗಾನದ ಫೋಟೊ ತೆಗೆದವನು ನಾನು. ಈ ಸಲ ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಹೊಸದು ಕೊಂಡೆ. ಫುಲ್‌ಫ್ರೇಮ್ ಮಿರರ್‌ಲೆಸ್. ಬ್ರ್ಯಾಂಡ್ ಹೇಳುವುದಿಲ್ಲ. ಹೇಳಿದರೆ ಮಾತು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹಳೇದು ಸೆಕೆಂಡಿಗೆ 3 ಫೋಟೊ ತೆಗೆಯುತ್ತಿತ್ತು. ಫೋಕಸ್ ಪಾಯಿಂಟ್ ಒಟ್ಟು 9. ಅದರಲ್ಲಿ ಕತ್ತಲಲ್ಲಿ ನಂಬಬಹುದಾದದ್ದು ನಡುವಿನದು ಒಂದೇ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ, 1600 ದಾಟಿಸಿದರೆ ವೇಷದ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಹಾಗಾಗಿ ಬೆಳಕು ಸಾಲಲಿ ಅಂತ ಶಟರ್ 1/100 ಸೆಕೆಂಡಿನ ಆಸುಪಾಸಿನಲ್ಲೇ ಇಡಬೇಕು. ಆಗ ಕುಣಿಯುವ ವೇಷ ಮಸುಕಾಗುತ್ತದೆ. ಮತ್ತೆ ಯಾವಾಗ ಒತ್ತುವುದು? ವೇಷ ನಿಂತಾಗ. ಯಾವಾಗ ನಿಲ್ಲುತ್ತದೆ ಅಂತ ಚೆಂಡೆ ಹೇಳುತ್ತದೆ.

ಇಷ್ಟು ತಲೆಗೆ ಹೋಗಲು ನನಗೆ ಎರಡು ತಿರುಗಾಟ ಬೇಕಾಯಿತು. ಕುಣಿತದ ಒಂದು ಸುತ್ತು ಮುಗಿಸುವ ಚೆಂಡೆಯ ಬಡಿತಕ್ಕೆ ಮುಕ್ತಾಯ ಅನ್ನುತ್ತಾರೆ. ಅದರ ಕೊನೇ ಪೆಟ್ಟಿಗೆ ವೇಷಧಾರಿ ಒಂದು ಕ್ಷಣ ಕಲ್ಲಿನ ಹಾಗೆ ನಿಂತುಬಿಡುತ್ತಾನೆ. ಅರ್ಧ ಸೆಕೆಂಡ್ ಇರಬಹುದೇನೋ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡ. ಅದು ಬೀಳುವ ಮೊದಲೇ ಬೆರಳು ಹೊರಡಬೇಕು. ಬರಬರುತ್ತಾ ನಾನು ಕಣ್ಣಿಗಿಂತ ಕಿವಿಯಿಂದಲೇ ಜಾಸ್ತಿ ಫೋಟೊ ತೆಗೆಯುತ್ತಿದ್ದೆ. ತಾಳದ ಗಂಧಗಾಳಿ ಇಲ್ಲದವನಿಗೆ ತಾಳ ಕಲಿಸಿದ್ದು ಆ ಬಡಪಾಯಿ ಕ್ಯಾಮೆರಾ.

ಹೊಸದು ಸೆಕೆಂಡಿಗೆ 40 ಫೋಟೊ ತೆಗೆಯುತ್ತದೆ, ಶಬ್ದವೇ ಇಲ್ಲದೆ. ಮೊದಲ ರಾತ್ರಿ, ಕಟಾವು ಮುಗಿದ ಗದ್ದೆಯಲ್ಲಿ ಆಟ. ಬೆಳಗ್ಗೆ ಎಣಿಸಿದರೆ 3,812 ಫೋಟೊ! ಹಳೇದರಲ್ಲಿ ರಾತ್ರಿಗೆ ಮುನ್ನೂರು ದಾಟುತ್ತಿರಲಿಲ್ಲ. ಎಲ್ಲವೂ ಕತ್ತರಿಸಿಟ್ಟ ಹಾಗೆ ಸ್ಪಷ್ಟ, ಗೆಜ್ಜೆ ಎಣಿಸಬಹುದು. ಆದರೆ ಕೈ ಅರ್ಧ ಎತ್ತಿದ್ದು, ಕಣ್ಣು ಅರ್ಧ ಮುಚ್ಚಿದ್ದು ಇಂಥವೇ ಸಾಲುಸಾಲು. ಧಿಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ, ಶುರುವಾದ ಕೂಡಲೇ ಒತ್ತಿ ಹಿಡಿದಿದ್ದೆ. ಎರಡು ಸೆಕೆಂಡಿಗೆಲ್ಲ ಬಫರ್, ಅಂದರೆ ಫೋಟೊ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಜಾಗ, ತುಂಬಿ ಕ್ಯಾಮೆರಾ ಏದುಸಿರು ಬಿಡುತ್ತಾ ಕೂತಿತು. ಅಷ್ಟರಲ್ಲಿ ಮುಕ್ತಾಯ ಬಿದ್ದು ಹೋಗಿತ್ತು. ಇನ್ನೊಂದು ಬೇಸರ ಅಂದರೆ, ಆ ರಾತ್ರಿ ಭಾಗವತರು ಹಾಡಿದ ಒಂದೇ ಒಂದು ಪದವೂ ನನಗೆ ನೆನಪಿಲ್ಲ.

ಮುಖ ಹುಡುಕುವ ಫೋಕಸ್‌ನ ಕಥೆ ಇನ್ನೂ ಚೆನ್ನಾಗಿದೆ. ಬಣ್ಣದ ವೇಷ ರಂಗಸ್ಥಳದ ಎದುರು ನಿಂತು ಅಬ್ಬರಿಸುತ್ತಿದೆ. ಮುಖದ ತುಂಬ ಚುಟ್ಟಿ, ಅಂದರೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಮುಳ್ಳುಮುಳ್ಳು ಅಲಂಕಾರ, ಮೂಗಿನ ತುದಿಯಲ್ಲಿ ಉಂಡೆ. ನನ್ನ ಕ್ಯಾಮೆರಾಕ್ಕೆ ಅದು ಮುಖ ಅಂತಲೇ ಅನಿಸಲಿಲ್ಲ. ರಾಕ್ಷಸನನ್ನು ಬಿಟ್ಟು ಹಿಂದೆ ಕೂತ ಭಾಗವತರ ಕಣ್ಣಿಗೆ ಹೋಗಿ ಅಂಟಿಕೊಂಡಿತು. ಅವರದ್ದು ಹನ್ನೊಂದು ಒಳ್ಳೇ ಫೋಟೊ ಸಿಕ್ಕಿದೆ, ಜಾಗಟೆಯ ಸಮೇತ.

ಆಮೇಲೆ ಪಟ್ಟೆಗಳು. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದಲ್ವಾ, ಆ ಮಿಣುಕೆಲ್ಲ ಅಡ್ಡ ಪಟ್ಟೆಯಾಗಿ ಬೀಳುತ್ತದೆ. 1/500 ಇಟ್ಟು ತೆಗೆದ ದೇವೇಂದ್ರನ ಮೈಮೇಲೆ ಜೀಬ್ರಾದ ಹಾಗೆ ಗೆರೆ. ಹಳೇದರಲ್ಲಿ ನಾನು ಗತಿಯಿಲ್ಲದೆ ಇಡುತ್ತಿದ್ದ 1/100 ಇದಕ್ಕೂ ಮದ್ದಾಗಿತ್ತು ಅಂತ ಗೊತ್ತಾದದ್ದೇ ಈಗ.

ಹಾಗಂತ "ಕ್ಯಾಮೆರಾ ಮುಖ್ಯ ಅಲ್ಲ, ಹಿಡಿದವನು ಮುಖ್ಯ" ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಆ ಮಾತು ಹೇಳುವವರ ಬ್ಯಾಗಿನಲ್ಲಿ ಯಾವಾಗಲೂ ದುಬಾರಿ ಲೆನ್ಸೇ ಇರುತ್ತದೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಜನರ ನಡುವಿನಿಂದ. ಸುತ್ತ ದೊಂದಿ, ರಾಳ ಎಸೆದಾಗ ಭುಗ್ಗನೆ ಏಳುವ ಬೆಂಕಿ. ಮೊದಲೆಲ್ಲ ಫ್ಲ್ಯಾಶ್ ಹಾಕುತ್ತಿದ್ದೆ, ಬೆಂಕಿಯ ಬಣ್ಣವೇ ಸತ್ತು ಮಹಿಷಾಸುರ ಪಾಸ್‌ಪೋರ್ಟ್ ಫೋಟೊಕ್ಕೆ ನಿಂತ ಹಾಗೆ ಬರುತ್ತಿತ್ತು. ಈ ಸಲ ಐಎಸ್‌ಒ 12800, ಬರೀ ದೊಂದಿಯ ಬೆಳಕು. ಒಂದು ಕೆನ್ನೆ ಕೆಂಪಗೆ, ಇನ್ನೊಂದು ಕತ್ತಲು. ಕೊಟ್ಟ ದುಡ್ಡು ಆ ಒಂದು ಫೋಟೊಕ್ಕೇ ವಸೂಲಾಯಿತು.

ಈಗ ಏನು ಮಾಡಿದ್ದೇನೆ ಅಂದರೆ, ಅಷ್ಟು ದುಡ್ಡು ಕೊಟ್ಟ ಯಂತ್ರದ ಅರ್ಧ ಬುದ್ಧಿಯನ್ನು ಆರಿಸಿಟ್ಟಿದ್ದೇನೆ. ಮುಖ ಹುಡುಕುವುದು ಬೇಡ, ನಡುವಿನ ಪಾಯಿಂಟ್ ಸಾಕು. ಮೆಕ್ಯಾನಿಕಲ್ ಶಟರ್. ಒಂದು ಸಲ ಒತ್ತಿದರೆ ಒಂದೇ ಫೋಟೊ. ಕಿವಿ ಮತ್ತೆ ಚೆಂಡೆಯ ಕಡೆ ಹೋಗಿದೆ. ಕಳೆದ ವಾರ 240 ತೆಗೆದೆ, ಪದಗಳೂ ನೆನಪಿವೆ.

ಸದ್ದಿಲ್ಲದ ಶಟರ್ ಮಾತ್ರ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಅಂತ ಇಟ್ಟುಕೊಂಡಿದ್ದೇನೆ. ಅದರಲ್ಲೂ ಒಂದು ತೊಡಕಿದೆ. ಮೊದಲು ಕ್ಲಿಕ್ ಅಂದರೆ ಬಣ್ಣ ಹಚ್ಚುತ್ತಿದ್ದವರು ತಲೆ ಎತ್ತುತ್ತಿದ್ದರು. ಬೇಡ ಅನಿಸಿದರೆ ಹುಬ್ಬಿನಲ್ಲೇ ಹೇಳುತ್ತಿದ್ದರು. ಈಗ ಅವರಿಗೆ ಗೊತ್ತೇ ಆಗುವುದಿಲ್ಲ, ನನಗೆ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ. ಅದಕ್ಕೇ ಬಾಯಿಬಿಟ್ಟು ಕೇಳಲು ಶುರುಮಾಡಿದೆ. ಹೋದ ವಾರ ಬಣ್ಣದ ವೇಷದವರೊಬ್ಬರು ಸಣ್ಣ ಕನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದೇ ಇಡುತ್ತಿದ್ದರು. "ತೆಗೀಬಹುದಾ?" ಅಂದೆ. ತುಟಿ ಅಲುಗಿಸದೆ ಹೇಳಿದರು, "ತೆಗೀರಿ ಮಾರಾಯ್ರೇ. ಇದು ಒಣಗುವವರೆಗೆ ನಗಿಸ್ಬೇಡಿ ಅಷ್ಟೆ."