ಬಾಡಿಗೆ ಮನೆಯೂ ಇಲ್ಲವೆಂದರೆ ಎಲ್ಲಿಗೆ ಹೋಗಬೇಕು?

ಇಂದು ಬೆಳಿಗ್ಗೆ ಹಾಸನದ ವಿದ್ಯಾನಗರದಲ್ಲಿ ಕಂಡದ್ದರಿಂದ ಬಂದ ಸಿಟ್ಟು ಸಂಜೆಯಾದರೂ ಇಳಿದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ಮನೆ ನೋಡಲು ಹೋಗಿದ್ದೆ. ಅವಳು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಿದ್ದರೂ ಹೆಣ್ಣಾಗಿ ಬದುಕುವವಳು; ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಬಾಡಿಗೆ, ಅಡ್ವಾನ್ಸ್, ನೀರು ಎಲ್ಲವನ್ನೂ ಫೋನಿನಲ್ಲೇ ಮಾತನಾಡಿ ಒಪ್ಪಿದ್ದ ಮಾಲೀಕರು, ಗೇಟಿನ ಬಳಿ ಅವಳನ್ನು ಕಂಡೊಡನೆ, "ಮನೆ ಬೇರೆಯವರಿಗೆ ಆಗಿಹೋಯಿತು ಮೇಡಂ" ಎಂದು ನನಗೆ ಹೇಳಿದರು. ಬಾಡಿಗೆ ಕೊಡಬೇಕಾದವಳ ಮುಖವನ್ನೂ ನೋಡಲಿಲ್ಲ. ಇಷ್ಟು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡ ನನಗೆ ಅಲ್ಲಿ ಮಾತೇ ಹೊರಡಲಿಲ್ಲ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ನೇಮಕಾತಿಗಳಲ್ಲಿ ಅವರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಅದೇ ವರ್ಷ ಟ್ರಾನ್ಸ್ ಮಹಿಳೆಯಾದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಿದಾಗ ನಾವೆಲ್ಲ ಸಂಭ್ರಮಿಸಿದೆವು. ಆದರೆ ಕೆಲಸ ಸಿಕ್ಕವಳು ರಾತ್ರಿ ಮಲಗಲು ಒಂದು ಕೋಣೆ ಬೇಕಲ್ಲವೇ? ವಿಳಾಸವೇ ಇಲ್ಲದಿದ್ದರೆ ಪಡಿತರ ಚೀಟಿಯಿಂದ ಹಿಡಿದು ಬ್ಯಾಂಕಿನ ಖಾತೆಯವರೆಗೆ ಪ್ರತಿಯೊಂದಕ್ಕೂ ಅಲೆಯಬೇಕು.

"ನಮ್ಮ ಮನೆ, ನಮ್ಮ ಇಷ್ಟ" ಎನ್ನುವವರಿದ್ದಾರೆ. ಬಾಡಿಗೆ ಕಟ್ಟಲಾರದವರನ್ನು, ಗಲಾಟೆ ಮಾಡುವವರನ್ನು ಬೇಡವೆನ್ನಿ, ಯಾರೂ ತಕರಾರು ಮಾಡುವುದಿಲ್ಲ. ಹುಟ್ಟಿನ ಕಾರಣಕ್ಕೆ ಬೇಡವೆನ್ನುವುದನ್ನು ಇಷ್ಟ ಎಂದು ನಾನು ಒಪ್ಪಲಾರೆ. "ಅವರು ಬಸ್ ನಿಲ್ದಾಣದಲ್ಲಿ ಕಾಸು ಕೇಳುತ್ತಾರೆ" ಎನ್ನುವವರೂ ಇದ್ದಾರೆ. ತಿಂಗಳ ಸಂಬಳದಿಂದ ಬಾಡಿಗೆ ಕೊಡುತ್ತೇನೆಂದು ಬಂದವಳನ್ನು ಗೇಟಿನಿಂದಲೇ ಕಳುಹಿಸಿದ ಊರಿಗೆ ಆ ಮಾತನ್ನಾಡುವ ಅಧಿಕಾರವಿಲ್ಲ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 3ನೇ ಕಲಂ ಬಾಡಿಗೆ ಮನೆಯ ವಿಷಯದಲ್ಲಿ ತಾರತಮ್ಯ ಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಶಿಕ್ಷೆಯನ್ನು ವಿಧಿಸುವ 18ನೇ ಕಲಂನಲ್ಲಿ, ಇದ್ದ ಮನೆಯಿಂದ ಬಲವಂತವಾಗಿ ಹೊರಹಾಕುವುದನ್ನು ಸೇರಿಸಿದವರು, ಮನೆ ಕೊಡಲು ನಿರಾಕರಿಸುವುದನ್ನು ಹೆಸರಿಸಲಿಲ್ಲ. ಸಲಿಂಗಪ್ರೇಮಿಗಳ ಪಾಡು ಇನ್ನೂ ಕಷ್ಟ: ಸುಪ್ರೀಂ ಕೋರ್ಟಿನ 2018ರ ತೀರ್ಪು ಅವರ ಪ್ರೀತಿ ಅಪರಾಧವಲ್ಲವೆಂದು ಸಾರಿತು, ಆದರೆ ಸಂಗಾತಿಯ ವಿಷಯ ತಿಳಿದು ಮಾಲೀಕರು ಮನೆ ಬಿಡಿಸಿದರೆ ಆಧಾರವಾಗಿ ಹಿಡಿಯಲು ಅಂಥದೊಂದು ಕಾಯ್ದೆಯೂ ಅವರಿಗಿಲ್ಲ. 18ನೇ ಕಲಂಗೆ ಬಾಡಿಗೆ ನಿರಾಕರಣೆಯನ್ನು ಸೇರಿಸಬೇಕು, ಲೈಂಗಿಕ ಅಲ್ಪಸಂಖ್ಯಾತರೆಲ್ಲರನ್ನೂ ಒಳಗೊಳ್ಳುವ ತಾರತಮ್ಯ ವಿರೋಧಿ ಕಾನೂನು ಬರಬೇಕು ಎಂದು ನಮ್ಮ ಸಂಸದರಿಗೆ ಪತ್ರ ಬರೆಯುತ್ತಿದ್ದೇನೆ. ಸಹಿ ಹಾಕುವವರು ಭಾನುವಾರದೊಳಗೆ ನನಗೆ ತಿಳಿಸಿ.